ಬೀದಿಗೆಲ್ಲ ಸಂಸಾರ ಹೂಡಿದವಳು

ಮುಂದಿನ ಸೇತುವೆಯ ರಿಪೇರಿ ಮುಗಿದಿರಲಿಲ್ಲವಾದ್ದರಿಂದ ನಮ್ಮ ಬಸ್ಸು ಅಲ್ಲಿಗೇ ನಿಂತಿತು. ಶನಿವಾರ ಸಂಜೆಯವರೆಗೆ ದಾರಿ ತೆರೆಯುವುದಿಲ್ಲ ಎಂದರು. ಉಳಿದ ಪ್ರಯಾಣಿಕರು ಗೊಣಗಿಕೊಂಡು ಹಿಂದಿನ ಪೇಟೆಗೆ ಮರಳಿದರು. ಕಂಡಕ್ಟರು ನನ್ನ ನರೆಗೂದಲು ನೋಡಿ, ಅಷ್ಟು ದೂರ ಯಾಕೆ, ಇಲ್ಲೇ ಫಾರಿನ್ ಊರಿದೆ, ಅಲ್ಲೊಂದು ಗೆಸ್ಟ್ ಹೌಸ್ ಇದೆ ಎಂದು ನನ್ನ ಪೆಟ್ಟಿಗೆಯನ್ನು ಕೆಳಗಿಳಿಸಿದ.

ಫಾರಿನ್ ಊರು ಎಂದರೆ ಕಟ್ಟಡದ ಕಂಪನಿಯೊಂದು ಚಳಿದೇಶದ ಹಳೆಯ ಪಟ್ಟಣವನ್ನು ನೋಡಿ ಬಂದು ಇದ್ದದ್ದು ಇದ್ದಹಾಗೆ ಕಟ್ಟಿದ ನಕಲು. ಕಾಲುವೆ, ಅದರ ಮೇಲೊಂದು ಗೂನುಬೆನ್ನಿನ ಸೇತುವೆ, ಕಲ್ಲು ಹಾಸಿದ ಚೌಕ, ಗಡಿಯಾರದ ಗೋಪುರ, ಒಂದಕ್ಕೊಂದು ಆತುಕೊಂಡು ನಿಂತ ಚೂಪು ಮಾಡಿನ ಮನೆಗಳು. ಎಲ್ಲ ಮಾಡಿನ ಮೇಲೂ ಚಿಮಣಿ ಇತ್ತು, ಯಾವ ಚಿಮಣಿಯ ಕೆಳಗೂ ಒಲೆ ಇರಲಿಲ್ಲ. ಬೇಕರಿ ಎಂಬ ಬೋರ್ಡಿನ ಕೆಳಗಿದ್ದ ಬಾಗಿಲು ಗೋಡೆಯ ಮೇಲೆ ಬಣ್ಣದಲ್ಲಿ ಬರೆದದ್ದು. ಓದುವ ಕಾಲದಲ್ಲಿ ನಾನು ಅದರ ಮೂಲ ಊರಿನಲ್ಲಿ ಒಂದು ಚಳಿಗಾಲ ಕಳೆದಿದ್ದೆ. ಅಲ್ಲಿ ಕಾಲುವೆ ನಾರುತ್ತಿತ್ತು, ಜನ ಕಲ್ಲುಹಾಸಿನ ಮೇಲೆ ಜಾರಿ ಬಿದ್ದು ಬೈದುಕೊಳ್ಳುತ್ತಿದ್ದರು. ಇಲ್ಲಿ ನಾತವೂ ಇರಲಿಲ್ಲ, ಬೈಗುಳವೂ ಇರಲಿಲ್ಲ. ಮದುವೆಯ ಫೋಟೋ ತೆಗೆಸಿಕೊಳ್ಳಲು ಬಂದ ಜೋಡಿಯೊಂದು ಸೇತುವೆಯ ಮೇಲೆ ಕೈ ಕೈ ಹಿಡಿದು ನಗುತ್ತಿತ್ತು. ಫೋಟೋದವನು ಸಾಕು ಎಂದ ಕೂಡಲೇ ನಗು ನಿಲ್ಲಿಸಿ ಬೇರೆ ಬೇರೆ ಬಾಗಿಲಿನಿಂದ ಕಾರು ಹತ್ತಿತು. ಮತ್ತೆ ಯಾರೂ ಇಲ್ಲ.

ಕಾಲುವೆಯ ಹಿಂದಿನ ಬೀದಿಗೆ ತಿರುಗಿದಾಗ ಮಾತ್ರ ಊರಿಗೆ ಜೀವ ಬಂದಹಾಗಾಯಿತು. ಒಂದು ಬಾಲ್ಕನಿಯಲ್ಲಿ ಮಗುವಿನ ಫ್ರಾಕಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದ ಮನೆಯವರು ಒಂದು ಟವೆಲ್ಲನ್ನು ಒಣಗಿದ ಮೇಲೂ ಮರೆತಿದ್ದರು. ಹೊಸ್ತಿಲ ಬಳಿ ಕೆಸರು ಮೆತ್ತಿದ ಬೂಟುಗಳು, ಮುರಿದ ಕಡ್ಡಿಯ ಕೊಡೆ. ಪರವಾಗಿಲ್ಲ, ಜನ ಇದ್ದಾರಲ್ಲ ಎಂದೆ. ಪೆಟ್ಟಿಗೆ ಹೊತ್ತು ಬರುತ್ತಿದ್ದ ಗೇಟಿನ ಕಾವಲುಗಾರ ನಕ್ಕ.

"ಅದೆಲ್ಲ ನಮ್ಮ ಸಂಸಾರದಕ್ಕನ ಸಂಸಾರ ಅಮ್ಮ. ನಾವು ಒಂದನ್ನ ತೂಗಿಸೋದ್ರಲ್ಲೇ ಏದುಸಿರು ಬಿಡ್ತೀವಿ. ಆಯಮ್ಮ ಬೀದಿಗೆ ಬೀದಿನೇ ತೂಗಿಸ್ತಾಳೆ."

ಸಂಸಾರದಕ್ಕ ಎಂಬವಳು ಗೆಸ್ಟ್ ಹೌಸಿನಲ್ಲಿ ನನಗೆ ಚಹಾ ತಂದಿಟ್ಟ ಹೆಂಗಸೇ. ಐವತ್ತು ದಾಟಿದ್ದಿರಬಹುದು. ಗಟ್ಟಿ ಮೈ, ನೀರಿನಲ್ಲಿ ನೆನೆದು ನೆನೆದು ಬಿಳಿಚಿಕೊಂಡ ಬೆರಳುಗಳು, ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಗಂಡ ಗಾರೆ ಕೆಲಸದವನು. ಈ ಊರಿನ ಕಲ್ಲಿನಂತೆ ಕಾಣುವ ಕಂಬಗಳನ್ನೆಲ್ಲ ಸಿಮೆಂಟಿನಲ್ಲಿ ಮಾಡಿದವನು ಅವನೇ. ಕೆಲಸ ಮುಗಿದ ಮೇಲೆ ಇನ್ನೆಲ್ಲೋ ಇನ್ಯಾವುದೋ ದೇಶದ ಊರು ಕಟ್ಟಲು ಹೋಗಿದ್ದ, ಆಗೊಮ್ಮೆ ಈಗೊಮ್ಮೆ ಬಂದುಹೋಗುತ್ತಿದ್ದ. ಮಗಳು ಬಸ್ ಕಂಡಕ್ಟರ್. ಇವಳು ಕಂಪನಿಯ ಆಫೀಸಿನಲ್ಲಿ ಕಸ ಗುಡಿಸಲು ಸೇರಿಕೊಂಡು, ಗೆಸ್ಟ್ ಹೌಸಿನ ಹಿಂದಿನ ಕೋಣೆಯಲ್ಲಿ ಉಳಿದಳು.

ಈ ವಿಚಿತ್ರ ಉದ್ಯೋಗಕ್ಕೆ ಅವಳು ಬಂದದ್ದು ಅರಿಯದೆ. ಊರು ಕಟ್ಟಿ ಮುಗಿದಿತ್ತು, ಮನೆಗಳು ಮಾರಾಟವಾಗುತ್ತಿರಲಿಲ್ಲ. ನೋಡಲು ಬಂದವರು ಚೌಕದಲ್ಲಿ ಒಂದು ಸುತ್ತು ಹಾಕಿ, ಸ್ಮಶಾನದ ಹಾಗಿದೆಯಲ್ಲ ಎಂದು ಕಾರು ಹತ್ತುತ್ತಿದ್ದರು. ಒಂದು ದಿನ ತನ್ನ ಕೋಣೆಯ ಹಿಂದೆ ಬಿಸಿಲಿಲ್ಲವೆಂದು ಇವಳು ಖಾಲಿ ಮನೆಯೊಂದರ ಬಾಲ್ಕನಿಯಲ್ಲಿ ತನ್ನ ಬಟ್ಟೆ, ಮಗಳ ಬಟ್ಟೆ ಹರವಿದಳು. ಆ ದಿನ ಬಂದವರು ಅದನ್ನು ನೋಡಿ, ಓ, ಆಗಲೇ ಸಂಸಾರಸ್ಥರು ಬಂದಿದ್ದಾರೆ ಎಂದು ಮುಂಗಡ ಕೊಟ್ಟು ಹೋದರು. ಮೇನೇಜರು ಬೈಯಲು ಬಂದವನು ಬೈಯಲಿಲ್ಲ. ಮಾರನೆಯ ದಿನದಿಂದ ಪೊರಕೆ ಬೇರೆಯವರ ಕೈಗೆ ಹೋಯಿತು, ಬೀಗದ ಕೈಗಳು ಇವಳ ಸೊಂಟಕ್ಕೆ ಬಂದವು.

ಅವಳಿಗೆ ಆ ಕೆಲಸ ಹೇಳಿಮಾಡಿಸಿದಂತಿತ್ತು. ಬೆಳಿಗ್ಗೆ ಬಕೆಟ್ಟಿನಲ್ಲಿ ಬಟ್ಟೆ ನೆನೆಸಿ ಮನೆಮನೆಗೆ ಒಯ್ದು ಹರವುವುದು. ಮಳೆ ಬಂದರೆ ಓಡಿಹೋಗಿ ತೆಗೆಯುವುದು, ಏಕೆಂದರೆ ಮಳೆಯಲ್ಲಿ ಬಟ್ಟೆ ನೆನೆಯುತ್ತಿದ್ದರೆ ಮನೆಯಲ್ಲಿ ಯಾರೂ ಇಲ್ಲವೆಂದು ಗೊತ್ತಾಗುತ್ತದೆ. ಸಂಜೆ ದೀಪ. ಕಂಪನಿ ಒಮ್ಮೆ ತಾನೇ ತಾನಾಗಿ ಉರಿಯುವ ಸ್ವಿಚ್ಚು ಹಾಕಿಸಿತ್ತು. ಬೀದಿಯ ದೀಪಗಳೆಲ್ಲ ಒಟ್ಟಿಗೆ ಹತ್ತಿ ಊರು ಕಾರ್ಖಾನೆಯಂತೆ ಕಂಡಿತು. ಕೊನೆಗೆ ಇವಳೇ ಹತ್ತಿ ಇಳಿದು ಒಂದೊಂದಾಗಿ ಹಾಕತೊಡಗಿದಳು. ಹೆಂಗಸರಿರುವ ಮನೆಯಲ್ಲಿ ಮೊದಲು ಅಡುಗೆಮನೆಯ ದೀಪ, ಗಂಡಸೊಬ್ಬನೇ ಇರುವ ಮನೆಯಲ್ಲಿ ತಡವಾಗಿ.

"ಅಚ್ಚುಕಟ್ಟಾಗಿದ್ರೆ ಯಾರೂ ಇಲ್ಲ ಅಂತ ಗೊತ್ತಾಗಿಬಿಡುತ್ತೆ ಅಮ್ಮ" ಎಂದು ನನಗೆ ವಿವರಿಸಿದಳು. "ಸಾಕ್ಸ್ ಒಣಹಾಕಿದ್ರೆ ಒಂದು ಕಮ್ಮಿ ಇರಬೇಕು."

ಬಟ್ಟೆ ಇದ್ದಲ್ಲಿ ಮನುಷ್ಯರು ಹುಟ್ಟುತ್ತಾರೆ. ಮೂಲೆಮನೆಯಲ್ಲಿ ಟವೆಲ್ ಸಾಹೇಬರು ಹುಟ್ಟಿದರು. ಮದುವೆಯಾಗದ, ಮರೆವಿನ, ಮೇಲಿನ ಕೋಣೆಯಲ್ಲಿ ದೀಪ ಹಾಕಿಕೊಂಡು ಓದುವ ಮನುಷ್ಯ. ಮಗಳಿಗೆ ಚಿಕ್ಕದಾಗಿ ಪೆಟ್ಟಿಗೆ ಸೇರಿದ್ದ ಫ್ರಾಕುಗಳಿಂದ ಪಕ್ಕದ ಮನೆಯ ಪುಟ್ಟಿ ಹುಟ್ಟಿದಳು. ವರ್ಷ ಕಳೆದಂತೆ ಇವಳು ಫ್ರಾಕಿನ ಅಳತೆ ದೊಡ್ಡದು ಮಾಡುತ್ತಾ ಬಂದಳು. ಮಕ್ಕಳು ಬೆಳೆಯುತ್ತಾರೆ ತಾನೆ ಎನ್ನುವುದು ಅವಳ ವಾದ. ಮೇನೇಜರಿಗೆ ಇಷ್ಟು ಸೂಕ್ಷ್ಮ ಬೇಕಿರಲಿಲ್ಲ. ಇವಳಿಗೆ ಬೇಕಿತ್ತು. ಕೆಲಸದಲ್ಲಿ ಹೆಮ್ಮೆ ಬಂದರೆ ಯಾರಿಗಾಗಿ ಮಾಡುತ್ತಿದ್ದೇವೆ ಎಂಬುದು ಮರೆತುಹೋಗುತ್ತದೆ.

ಮನೆಗಳನ್ನು ಕೊಂಡವರಲ್ಲಿ ಹೆಚ್ಚಿನವರು ರಜೆಗೊಮ್ಮೆ ಬಂದು ಬೀಗ ಹಾಕಿಕೊಂಡು ಹೋಗುವವರು. ನಂಬಿ ಬಂದು ನೆಲೆಸಿದ್ದು ಒಂದೇ ಒಂದು ಜೋಡಿ. ನಿವೃತ್ತ ರೈಲ್ವೆ ಗಾರ್ಡು ಮತ್ತು ಅವರ ಹೆಂಡತಿ. ಊರಿನ ಬಾಯಲ್ಲಿ, ಎಂದರೆ ಕಾವಲುಗಾರ ಮತ್ತು ಸಂಸಾರದಕ್ಕನ ಬಾಯಲ್ಲಿ, ಆಕೆ ಗಾರ್ಡಮ್ಮ. ಬದುಕಿಡೀ ರೈಲ್ವೆ ಕ್ವಾರ್ಟರ್ಸಿನಲ್ಲಿ ಕಳೆದವರು. ಪಕ್ಕದ ಮನೆಯವರು ಕೆಮ್ಮಿದರೆ ನಮ್ಮನೆಯಲ್ಲಿ ನೀರು ಕುಡೀತಿದ್ವಿ ಎಂದು ಗಾರ್ಡಮ್ಮ ಹೇಳುತ್ತಿದ್ದರಂತೆ. ಮಕ್ಕಳಿರಲಿಲ್ಲ, ಅಕ್ಕಪಕ್ಕದವರೇ ಎಲ್ಲ. ಮನೆ ನೋಡಲು ಬಂದದ್ದು ಒಂದು ಮುಸ್ಸಂಜೆ. ಬೀದಿಯ ತುಂಬ ಕಿಟಕಿಗಳು ಒಂದೊಂದಾಗಿ ಬೆಳಗುವುದನ್ನು ನೋಡಿ ಗಂಡ ಅಲ್ಲೇ ನಿಶ್ಚಯಿಸಿದರು. ಆ ದೀಪಗಳ ಹಿಂದೆ ಮೆಟ್ಟಿಲು ಹತ್ತಿ ಇಳಿದು ಓಡಾಡುತ್ತಿದ್ದವಳು ಇವಳು.

"ಅವತ್ತು ಎರಡು ಮನೆ ಹೆಚ್ಚಿಗೇ ಹಚ್ಚಿದ್ದೆ" ಎಂದಳು ನೆಲ ನೋಡುತ್ತ. "ಮೇನೇಜರ್ ಹೇಳಿರ್ಲಿಲ್ಲ. ನೋಡೋಕೆ ಚೆನ್ನಾಗಿರುತ್ತೆ ಅಂತ."

ಆ ಮನೆಗಳ ಮೆಟ್ಟಿಲು ಕಡಿದು, ಇಕ್ಕಟ್ಟು. ಮಂಡಿನೋವಿನ ಗಾರ್ಡಮ್ಮ ಮೇಲಿನ ಕೋಣೆ ಸೇರಿದವರು ಕೆಳಗಿಳಿದದ್ದು ಅಪರೂಪ. ಕಿಟಕಿಯ ಬಳಿ ಕುರ್ಚಿ, ಪಕ್ಕದಲ್ಲಿ ಹೊಲಿಗೆ ಯಂತ್ರ, ಎದುರಿಗೆ ಪುಟ್ಟಿಯ ಬಾಲ್ಕನಿ. ಪುಟ್ಟಿಯ ಮನೆಯ ಮುಂಬಾಗಿಲು ಕಾಲುವೆಯ ಕಡೆಗೆ. ಹಾಗಾಗಿ ಒಳಹೋಗುವವರು, ಹೊರಬರುವವರು ಇವರಿಗೆ ಕಾಣುವಂತಿರಲಿಲ್ಲ. ಸಾಮಾನು ತಂದುಕೊಡಲು, ಮನೆ ಒರೆಸಲು ಸಂಸಾರದಕ್ಕನೇ ಹೋಗುತ್ತಿದ್ದಳು. ಮೊದಲ ತಿಂಗಳಲ್ಲೇ ಗಾರ್ಡಮ್ಮ ಕೇಳಿದರು, ಎದುರು ಮನೆ ಮಗು ಹೊರಗೇ ಬರಲ್ವಲ್ಲ? ಆ ಹೊತ್ತಿಗೆ ನಿಜ ಹೇಳಿದ್ದರೆ ಕೆಲಸ ಹೋಗುತ್ತಿತ್ತು. ಅಮ್ಮ ಬಿಗಿ, ಬಾಲ್ಕನಿ ಕಂಬಿ ಗಿಡ್ಡ ಅಂತ ಬಿಡಲ್ಲ ಎಂದಳು. ಸ್ಕೂಲು ದೂರ ಎಂದಳು. ಬಾಲ್ಕನಿಯಲ್ಲಿ ತಾನು ಕಂಡದ್ದಕ್ಕೆ, ಆ ಮನೆಗೂ ನಾನೇ ಕೆಲಸಕ್ಕೆ ಹೋಗೋದು ಎಂದಳು. ಒಂದು ಸುಳ್ಳಿಗೆ ಹತ್ತು ಸುಳ್ಳು ಕಾವಲು ನಿಂತವು.

ಬಂದ ಎರಡನೆಯ ವರ್ಷ ಗಾರ್ಡು ತೀರಿಕೊಂಡರು. ಆಮೇಲೆ ಗಾರ್ಡಮ್ಮ ಪುಟ್ಟಿಗೆ ಫ್ರಾಕು ಹೊಲಿಯಲು ಶುರುಮಾಡಿದರು. ಹಗ್ಗದ ಮೇಲಿನ ಫ್ರಾಕನ್ನು ಕಣ್ಣಳತೆಯಲ್ಲೇ ಅಳೆದು ಹೊಲಿದ ಮೊದಲನೆಯದು ನೀಲಿ, ಬಿಳಿಯ ಕಾಲರಿನದು. ಪುಟ್ಟಿಯ ಅಮ್ಮನಿಗೆ ಕೊಡು ಎಂದು ಇವಳ ಕೈಗಿತ್ತರು. ಇವಳು ಅದನ್ನು ನಾಲ್ಕು ದಿನ ಪೆಟ್ಟಿಗೆಯಲ್ಲಿಟ್ಟಳು. ಎದುರು ಹಗ್ಗದಲ್ಲಿ ಅದು ಕಾಣದೆ ಗಾರ್ಡಮ್ಮನ ಮುಖ ಬಾಡುತ್ತಿತ್ತು. ಕೊನೆಗೆ ನೆನೆಸಿ, ಎದುರು ಹಗ್ಗಕ್ಕೆ ಹಾಕಿದಳು. ಆ ದಿನ ಗಾರ್ಡಮ್ಮ ಇವಳನ್ನು ಎರಡು ಸಲ ಊಟಕ್ಕೆ ಕರೆದರಂತೆ. ಆಮೇಲೆ ಸ್ವೆಟರು ಬಂತು, ಕುಲಾವಿ ಬಂತು, ಇನ್ನಷ್ಟು ಫ್ರಾಕು ಬಂತು. ಎಲ್ಲವೂ ಎದುರು ಹಗ್ಗದ ಮೇಲೆ ತೊಟ್ಟಿಕ್ಕಿದವು.

ಇಷ್ಟನ್ನೂ ಅವಳು ಅಪರಿಚಿತಳಾದ ನನಗೆ ಹೇಳಿದ್ದಕ್ಕೆ ಕಾರಣವಿತ್ತು. ಗಾರ್ಡಮ್ಮನ ತಂಗಿ ಭಾನುವಾರ ಕಾರು ತೆಗೆದುಕೊಂಡು ಬರುವವಳಿದ್ದಳು. ಅವಳ ಮನೆ ನೆಲಮಟ್ಟದಲ್ಲಿದೆ, ಸುತ್ತ ಜನ, ಅಕ್ಕನಿಗೊಂದು ಕೋಣೆ ಬಿಡಿಸಿದ್ದಾಳೆ. ಈಗಲೂ ಬರದಿದ್ದರೆ ಆ ಕೋಣೆಗೆ ಭಾವಮೈದುನನ ಮಗಳು ಬಂದು ಸೇರುತ್ತಾಳೆ, ಮತ್ತೆ ಜಾಗವಿಲ್ಲ. ಗಾರ್ಡಮ್ಮ ಬರುವುದಿಲ್ಲ ಎಂದುಬಿಟ್ಟಿದ್ದರು. ಪರೀಕ್ಷೆ ಮುಗಿದ ಮೇಲೆ ಪುಟ್ಟಿ ಹೊಲಿಗೆ ಕಲಿಯಲು ಬರುತ್ತಾಳಲ್ಲ, ಮಗುವಿಗೆ ಮಾತು ಕೊಟ್ಟು ಹೋಗುವುದು ಹೇಗೆ? ಆ ಮಾತನ್ನೂ ಗಾರ್ಡಮ್ಮನ ಒಂದು ಕೆಟ್ಟ ದಿನ ಸಮಾಧಾನಕ್ಕೆಂದು ಹೇಳಿದವಳು ಇವಳೇ.

"ನೀವು ಓದಿದವರು" ಎಂದಳು. "ನೀವು ಹೋಗಿ ಹೇಳಿದ್ರೆ ನಂಬ್ತಾರೆ."

ನಾನು ಹೇಳುವುದಿಲ್ಲ ಎಂದೆ. ಬಟ್ಟೆ ಹರವಿದ ಕೈ ಯಾವುದೋ ತೆಗೆಯಬೇಕಾದದ್ದೂ ಅದೇ ಕೈ. ಅವಳು ಬೀಗದ ಕೈಗಳನ್ನು ಎಣಿಸುವಂತೆ ಸರಿಸುತ್ತಾ ಕೂತಳು. ಕೆಲಸ ಹೋಗುತ್ತದೆ ಎಂಬ ಭಯವೇ ಎಂದು ಕೇಳಿದೆ. ಅದು ಮೊದಲು ಇತ್ತು, ಈಗ ಅವರ ಮುಖದ ಭಯ ಎಂದಳು. ಕೊನೆಗೆ, ಪಕ್ಕದಲ್ಲಾದರೂ ನಿಲ್ಲುತ್ತೀರಾ ಎಂದು ಕೇಳಿದಳು. ನಿಲ್ಲಬಹುದು ಎಂದೆ.

ಮಾರನೆಯ ಬೆಳಿಗ್ಗೆ ಹೋದೆವು. ಕೋಣೆ ಚಿಕ್ಕದು, ಚೊಕ್ಕಟ. ಗೋಡೆಯ ಮೇಲೆ ಗಾರ್ಡಿನ ಫೋಟೋ, ಮೊಳೆಗೆ ಅವರ ಸೀಟಿ. ಯಂತ್ರದ ಸೂಜಿಯ ಕೆಳಗೆ ಅರ್ಧ ಹೊಲಿದ ಹಳದಿ ಬಟ್ಟೆ. ಗಾರ್ಡಮ್ಮ ನನ್ನನ್ನು ನೋಡಿದವರೇ ಎರಡೂ ಕೈಯಲ್ಲಿ ಕುರ್ಚಿಯ ಹಿಡಿ ಒತ್ತಿ ಎದ್ದು ನಿಲ್ಲಲು ನೋಡಿದರು. ಮುಖ ಅರಳಿತ್ತು.

"ಬನ್ನಿ, ಬನ್ನಿ. ಪುಟ್ಟಿ ಅಜ್ಜಿ ಅಲ್ವಾ? ನಿನ್ನೆ ಬೀದೀಲಿ ನಿಂತು ನಿಮ್ಮ ಬಾಲ್ಕನಿ ನೋಡ್ತಿದ್ರಿ. ಆಗ್ಲೇ ಅಂದ್ಕೊಂಡೆ."

ಸಂಸಾರದಕ್ಕ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ನನಗೆ ತಿಳಿಯಿತು. ಹೌದು ಎಂದುಬಿಟ್ಟರೆ ಇನ್ನೊಂದು ದಿನ ದಾಟುತ್ತಿತ್ತು, ಪುಟ್ಟಿಗೆ ಒಬ್ಬ ಅಜ್ಜಿಯೂ ಸಿಗುತ್ತಿದ್ದಳು. ಅಲ್ಲ, ನಾನು ದಾರಿಹೋಕಳು ಎಂದೆ.

"ಅಮ್ಮ" ಎಂದಳು ಇವಳು. "ಎದುರು ಮನೇಲಿ ಯಾರೂ ಇಲ್ಲ."

"ಎಲ್ಲಿಗೆ ಹೋದ್ರು? ಪರೀಕ್ಷೆ ಇದೆಯಲ್ಲ ಅದಕ್ಕೆ."

"ಎಲ್ಲಿಗೂ ಹೋಗಿಲ್ಲ. ಯಾವತ್ತೂ ಇರ್ಲಿಲ್ಲ. ಬಟ್ಟೆ ನಾನೇ ಹಾಕ್ತಿದ್ದೆ. ಮನೆ ಮಾರೋಕೆ ಹಾಗೆ ಮಾಡ್ತೀವಿ."

ಗಾರ್ಡಮ್ಮ ಕಿಟಕಿಯ ಕಡೆ ತಿರುಗಿದರು. ಹಗ್ಗದ ಮೇಲೆ ಅವರೇ ಹೊಲಿದ ಫ್ರಾಕೊಂದು ಆಗತಾನೆ ಹಾಕಿದ್ದು, ನೀರಿಳಿಯುತ್ತಿತ್ತು. ಸ್ವೆಟರು ಎಂದು ಕೇಳಿದರು. ಅದೂ ನನ್ನ ಹತ್ತಿರ ಇದೆ ಎಂದಳು. ಕುಲಾವಿ? ಅದೂ. ಪ್ರತಿಯೊಂದನ್ನೂ ಹೆಸರು ಹಿಡಿದು ಕೇಳಿದರು, ಇವಳು ಪ್ರತಿಯೊಂದಕ್ಕೂ ಉತ್ತರ ಕೊಟ್ಟಳು. ದನಿ ಏರಲಿಲ್ಲ, ಅಳಲೂ ಇಲ್ಲ. ಮುಗಿಯಿತು ಎಂದುಕೊಂಡಾಗ ಗಾರ್ಡಮ್ಮ ಮೂಲೆಮನೆಯನ್ನು ತೋರಿಸಿದರು.

"ಟವೆಲ್ ಸಾಹೇಬ್ರು?"

"ಅವರೂ ಇಲ್ಲಮ್ಮ."

"ನಮ್ಮನೆಯವರು ದಿನಾ ಸಂಜೆ ಇದೇ ಕಿಟಕಿಯಿಂದ ಅವರಿಗೆ ಕೈ ಬೀಸ್ತಿದ್ರು ಕಣೆ. ಸಾಯೋ ಹಿಂದಿನ ದಿನಾನೂ ಬೀಸಿದ್ರು. ಜಂಬದ ಮನುಷ್ಯ, ಒಂದು ಸಲಾನಾದ್ರೂ ತಿರುಗಿ ಕೈ ಎತ್ತಲಿಲ್ಲ ನೋಡು ಅಂತಿದ್ರು. ರಿಟೈರಾಗಿ ಮನೇಲೇ ಕೂತವರು, ಆ ಸಾಹೇಬ್ರಿಗೆ ತಾನೇನು ತಪ್ಪು ಮಾಡಿದ್ನೋ ಅಂತ ಕೊರಗ್ತಿದ್ರು."

ಗಾರ್ಡಮ್ಮ ಕಿಟಕಿ ಬಿಟ್ಟು ಇವಳ ಕಡೆ ತಿರುಗಿದರು.

"ದೀಪ ಹಾಕೋಕೆ ಆ ಕೋಣೆಗೆ ನೀನೇ ಹೋಗ್ತಿದ್ದೆ. ಇವರು ಇಲ್ಲಿ ನಿಂತಿರೋದು ನಿನಗೆ ಕಾಣ್ತಿತ್ತು. ಪರದೆ ಹಿಂದಿನಿಂದ ಒಂದು ಸಲ ನೀನು ಕೈ ಎತ್ತಬಹುದಿತ್ತಲ್ಲೇ."

ಸುಳ್ಳು ಹೇಳಿದೆ ಎಂದು ಬೈಯುತ್ತಾರೆಂದು ಅವಳು ಸಿದ್ಧವಾಗಿ ಬಂದಿದ್ದಳು. ಗಾರ್ಡಮ್ಮ ಕೇಳಿದ್ದು ಇನ್ನೊಂದು ಸುಳ್ಳನ್ನು ಯಾಕೆ ಹೇಳಲಿಲ್ಲ ಎಂದು. ಗಾರ್ಡಮ್ಮ ಹಳದಿ ಬಟ್ಟೆಯನ್ನು ಸೂಜಿಯಿಂದ ಬಿಡಿಸಿ ಮಡಚಿದರು. ನನ್ನ ಬಟ್ಟೆ ನನಗೆ ತಂದುಕೊಡು ಎಂದರು. ಆಮೇಲೆ ನಮ್ಮ ಕಡೆ ನೋಡಲಿಲ್ಲ.

ಸಂಜೆ ದಾರಿ ತೆರೆಯಿತು, ನಾನು ಹೊರಟೆ.

ಕೆಲವು ತಿಂಗಳ ನಂತರ ಅದೇ ದಾರಿಯಲ್ಲಿ ಮರಳುವಾಗ ಅಲ್ಲಿ ಇಳಿದೆ. ಇಳಿಯಬೇಕಾದ ಅಗತ್ಯವಿರಲಿಲ್ಲ, ತಿಳಿಯಬೇಕೆನಿಸಿತ್ತು. ಗಾರ್ಡಮ್ಮ ಆ ಭಾನುವಾರವೇ ತಂಗಿಯ ಜೊತೆ ಹೋಗಿದ್ದರು. ಇವಳು ಫ್ರಾಕುಗಳನ್ನೆಲ್ಲ ಒಗೆದು ಇಸ್ತ್ರಿ ಮಾಡಿ ಒಯ್ದಿದ್ದಳು. ಕಾರಿನಲ್ಲಿ ಕೂತ ಗಾರ್ಡಮ್ಮ ಆ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡರಂತೆ. ಕೆಲಸವೇನೂ ಹೋಗಿರಲಿಲ್ಲ. ಗಾರ್ಡಮ್ಮ ಯಾರ ಬಳಿಯೂ ದೂರಿರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು ಎಂದಳು.

ಆಮೇಲೆ ಗಾರ್ಡಮ್ಮನ ಮನೆಯೂ ಮಾರಾಟಕ್ಕೆ ಬಂದಿತ್ತು. ನಾನು ಬರುವ ಮುಂಚೆಯೇ ಅದನ್ನು ನೋಡಲು ಒಂದು ಎಳೆಯ ಜೋಡಿ ಬಂದಿತ್ತಂತೆ. ಬೀಗ ತೆಗೆದುಕೊಟ್ಟವಳು ಇವಳು. ಮೇಲಿನ ಕೋಣೆಯಲ್ಲಿ ನಿಂತು ಆ ಹುಡುಗಿ, ಅಕ್ಕ, ನೆರೆಹೊರೆ ಹೇಗೆ ಎಂದು ಕೇಳಿದಳು. ಯಾರೂ ಇಲ್ಲ ಎಂದಳು ಇವಳು. ಅವರು ಕಿಟಕಿಯಿಂದ ನೋಡಿದರು. ಎದುರು ಹಗ್ಗದಲ್ಲಿ ಗಂಡಸಿನ ಅಂಗಿ, ಹೆಂಗಸಿನ ಬಟ್ಟೆ ನೀರು ಸುರಿಸುತ್ತಿದ್ದವು, ಬೆಳಿಗ್ಗೆ ಇವಳೇ ಹಾಕಿದ್ದು. ಅಕ್ಕ ತಮಾಷೆಯವರು ಎಂದು ನಕ್ಕರು. ಇಲ್ಲ, ನಿಜವಾಗಿ ಎಂದಳು. ಎದುರು ಮನೆಯವರ ಜೊತೆ ಜಗಳ ಆಗಿರಬೇಕು ಎಂದು ಹುಡುಗ ಹೆಂಡತಿಯ ಕಿವಿಯಲ್ಲಿ ಹೇಳಿದ್ದು ಇವಳಿಗೂ ಕೇಳಿಸಿತು.

ಇವಳು ಮೆಟ್ಟಿಲಿಳಿದು, ಕಾಲುವೆ ಸುತ್ತಿ ಎದುರು ಮನೆಗೆ ಓಡಿ, ಬಾಗಿಲು ತೆಗೆದು ಬಾಲ್ಕನಿಗೆ ಬಂದಳು. ಅವರ ಕಣ್ಣೆದುರೇ ಹಗ್ಗದ ಬಟ್ಟೆಗಳನ್ನೆಲ್ಲ ಎಳೆದು ತೋಳಿಗೆ ಹಾಕಿಕೊಂಡಳು. ಇಲ್ಲಿ ಯಾರೂ ಇಲ್ಲ ಎಂದು ಕೂಗಿ ಹೇಳಿದಳು. ಬಾಲ್ಕನಿಯಲ್ಲಿ ಮೈತುಂಬ ಬಟ್ಟೆ ಹೊತ್ತ ಹೆಂಗಸು ನಿಂತು ಇಲ್ಲಿ ಯಾರೂ ಇಲ್ಲ ಎಂದರೆ ಯಾರು ನಂಬುತ್ತಾರೆ? ಜೋಡಿ ಇನ್ನಷ್ಟು ನಕ್ಕು, ಇಬ್ಬರೂ ಅವಳ ಕಡೆಗೆ ಕೈ ಬೀಸಿದರು. ಅವಳ ಕೈಯಲ್ಲಿ ಬಟ್ಟೆ ತುಂಬಿತ್ತು. ಬಟ್ಟೆಯನ್ನು ಅಲ್ಲೇ ನೆಲಕ್ಕೆ ಹಾಕಿ ಕೈ ಎತ್ತಿದಳು.

ಅವರು ಮನೆ ಕೊಂಡರು. ಬರುವ ತಿಂಗಳು ಸಾಮಾನು ತರುತ್ತಾರೆ. ಸಂಸಾರದಕ್ಕ ಮೇನೇಜರನ್ನು ಕೇಳಿ, ಗೆಸ್ಟ್ ಹೌಸಿನ ಹಿಂದಿನ ಕೋಣೆ ಬಿಟ್ಟು ಎದುರು ಮನೆಗೆ ತನ್ನ ಪೆಟ್ಟಿಗೆ, ಹಾಸಿಗೆ, ಸ್ಟವ್ ಸಾಗಿಸಿಕೊಂಡಿದ್ದಳು. ಮೇನೇಜರಿಗೆ ಇದರಿಂದ ನಷ್ಟವಿಲ್ಲ, ಹಾಗಾಗಿ ಒಪ್ಪಿದ್ದ. ನನಗೆ ಆ ಮನೆಯಲ್ಲೇ ಚಹಾ ಮಾಡಿಕೊಟ್ಟಳು. ಇಷ್ಟು ಎತ್ತರದ ಮನೆಯಲ್ಲಿ ಒಬ್ಬಳೇ ಮಲಗಲು ಭಯವಾಗುತ್ತದೆ ಎಂದೂ ಹೇಳಿದಳು. ತಾನು ಎದುರು ಮನೆಗೆ ಬಂದ ವಿಷಯವನ್ನು ಗಾರ್ಡಮ್ಮನಿಗೆ ತಿಳಿಸಲು ಫೋನು ಮಾಡಿದ್ದಳು. ತಂಗಿ ಎತ್ತಿಕೊಂಡು, ಅಕ್ಕ ಹೊಲಿಗೆಗೆ ಕೂತಿದ್ದಾಳೆ, ಮಾತಾಡಲ್ವಂತೆ ಎಂದಿದ್ದಳು. ಯಾರಿಗೆ ಹೊಲಿಯುತ್ತಾರೆ ಎಂದು ಕೇಳುವ ಧೈರ್ಯ ಇವಳಿಗಾಗಲಿಲ್ಲ.

ಹೊರಗೆ ಬೆಳಕು ಇಳಿಯುತ್ತಿತ್ತು. ಅವಳು ಲೋಟ ತೊಳೆದಿಟ್ಟು, ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಈ ಮನೆಯಲ್ಲಿ ಈಗ ನೀನಿದ್ದೀಯ, ಸರಿ, ಉಳಿದ ಮನೆಗಳಿಗೆಲ್ಲ ದೀಪ ಯಾಕೆ ಎಂದೆ.

"ಅದು ನನ್ನ ಕೆಲಸ ಅಮ್ಮ" ಎಂದಳು. ನನ್ನ ಮುಖ ನೋಡದೆ ಮೆಟ್ಟಿಲಿಳಿದು ಹೋದಳು. ನಾನು ಬಸ್ಸಿಗೆ ನಡೆಯುವಷ್ಟರಲ್ಲಿ ಆ ಬೀದಿಯ ಅಡುಗೆಮನೆಗಳಲ್ಲಿ ಒಂದೊಂದಾಗಿ ದೀಪ ಹತ್ತತೊಡಗಿತ್ತು.